15 ದಿನ ಬಿಟ್ಟವನಿಗೆ ಹಳೆಯ ಡೋಸೇ ವಿಷ

ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ ಪುಡಿಮಾಡಿ ನೀರಲ್ಲಿ ಕದಡಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಹುಡುಗನನ್ನು ಕರೆತರುವ ಮನೆಯವರ ಮೊದಲ ಪ್ರಶ್ನೆ, ‘ಎಷ್ಟು ದಿನ ಅಡ್ಮಿಟ್ ಮಾಡಬೇಕು?’ ಹದಿನೈದು ದಿನ ಒಳಗಿಟ್ಟು ಚಟ ಬಿಡಿಸಿದರೆ ಮುಗಿಯಿತು ಎಂಬುದು ಅವರ ಲೆಕ್ಕ. ಜೀವಕ್ಕೆ ಎರವಾಗುವುದು ಈ ಲೆಕ್ಕವೇ.

ದಿನಾ ಓಪಿಯಾಯ್ಡ್ (ಟ್ಯಾಪೆಂಟಡಾಲಿನಂಥ, ಅಫೀಮಿನ ಬಗೆಯ ಔಷಧ) ಬೀಳುವ ದೇಹದಲ್ಲಿ, ಉಸಿರಾಟ ನಡೆಸುವ ಮೆದುಳಿನ ಭಾಗವೂ ಆ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಹೊಸಬನನ್ನು ಮಲಗಿಸಿಬಿಡುವಷ್ಟು ಮಾತ್ರೆ ತಿಂದೂ ಅವನು ಓಡಾಡುತ್ತಿದ್ದದ್ದು ಅದಕ್ಕೇ. ಬಿಟ್ಟ ಕೆಲವೇ ದಿನಗಳಲ್ಲಿ ಈ ಒಗ್ಗಿಕೆ ಇಳಿಯತೊಡಗುತ್ತದೆ. ಆಸೆ ಮಾತ್ರ ಇಳಿಯುವುದಿಲ್ಲ. ಕೈಗೆ ನೆನಪಿರುವುದು ಹಳೆಯ ಪ್ರಮಾಣ. ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆಸ್ಪತ್ರೆಯಿಂದಾಗಲಿ ಜೈಲಿನಿಂದಾಗಲಿ ಹೊರಬಂದ ಮೊದಲ ನಾಲ್ಕು ವಾರ ಅತ್ಯಂತ ಅಪಾಯಕಾರಿ. ಜೊತೆಗೆ ಮದ್ಯವೋ ಅಲ್ಪ್ರಜೋಲಮ್‌ನಂಥ ನಿದ್ದೆ ಬರಿಸುವ ಮಾತ್ರೆಯೋ ಸೇರಿದರೆ ಇನ್ನೂ ಕಷ್ಟ.

ಊರಿನ ಮಟ್ಟದಲ್ಲೂ ಇದೇ ತಪ್ಪಾಗುತ್ತದೆ. ಇಂಥದ್ದೇ ಇನ್ನೊಂದು ನೋವಿನ ಮಾತ್ರೆ ಟ್ರಮಡಾಲನ್ನು 2018ರಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿದ್ದು ಸರಿಯೇ. ಆದರೆ ಮೆಡಿಕಲ್ ಶಾಪ್ ಮೇಲೆ ದಾಳಿ ನಡೆದ ವಾರವೇ ತಾಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದಿದ್ದರೆ, ಮಾಲು ಸಿಗದವರೆಲ್ಲ ಒಟ್ಟಿಗೇ ಒಗ್ಗಿಕೆ ಕಳೆದುಕೊಂಡು ಬೇರೆ ಏನನ್ನೋ ಹುಡುಕುತ್ತಾರೆ.

ಚಿಕಿತ್ಸೆಗೆ ಬ್ಯುಪ್ರೆನಾರ್ಫಿನ್ ಕೊಡೋಣ ಎಂದರೆ, ಅದೂ ಓಪಿಯಾಯ್ಡೇ ಆದ್ದರಿಂದ, ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತೀರಾ’ ಎನ್ನುತ್ತಾರೆ. ತಾಯಂದಿರ ಆ ಭಯ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಒಂದು ಮಟ್ಟ ದಾಟಿದ ಮೇಲೆ ಇದು ಉಸಿರಾಟವನ್ನು ಮತ್ತಷ್ಟು ತಗ್ಗಿಸುವುದಿಲ್ಲ. ಒಗ್ಗಿಕೆಯನ್ನು ಪೂರ್ತಿ ಇಳಿಯಗೊಡುವುದಿಲ್ಲ. ಮೇಲೆ ಬೇರೆ ಓಪಿಯಾಯ್ಡ್ ತೆಗೆದುಕೊಂಡರೂ ಅದರ ಹಿಡಿತ ಕಡಿಮೆ. ಮದ್ಯ ಬೆರೆಸಿದರೆ ಈ ರಕ್ಷಣೆಯನ್ನು ನಂಬುವಂತಿಲ್ಲ.

ಶುರುಮಾಡುವ ಸಮಯ ಬಹಳ ಮುಖ್ಯ. ಕೊನೆಯ ಮಾತ್ರೆಯಾಗಿ ಸಾಮಾನ್ಯವಾಗಿ 12 ಗಂಟೆ ಕಳೆದು, ಆಕಳಿಕೆ, ಬೆವರು, ಮೈಕೈ ನೋವು, ಕಣ್ಣುಪಾಪೆ ಅಗಲವಾಗುವುದು ಕಾಣಿಸಿಕೊಳ್ಳಬೇಕು. ಆಮೇಲೆ ವೈದ್ಯರ ಕಣ್ಣೆದುರು 2 ಮಿಗ್ರಾಂನಿಂದ 4 ಮಿಗ್ರಾಂ. ಅವಸರಪಟ್ಟರೆ ಒಮ್ಮೆಲೇ ತೀವ್ರ ನರಳಾಟ ಬರುತ್ತದೆ, ‘ಈ ಮಾತ್ರೆ ಇವನಿಗೆ ಆಗಿಬರಲ್ಲ’ ಎಂದು ಎದ್ದುಹೋಗುತ್ತಾರೆ. ಮಾತ್ರೆ ನಾಲಿಗೆಯಡಿ ಪೂರ್ತಿ ಕರಗಬೇಕು, ಐದರಿಂದ ಹತ್ತು ನಿಮಿಷ. ನುಂಗಿದರೆ ಬಹುಪಾಲು ವ್ಯರ್ಥ. ಎಷ್ಟು ಕಾಲ? ತಿಂಗಳುಗಟ್ಟಲೆ, ಹಲವರಿಗೆ ವರ್ಷಗಟ್ಟಲೆ. ಮದುವೆ ಗೊತ್ತಾಯಿತೆಂದು ನಿಲ್ಲಿಸಬೇಡಿ.

ಗೊರಕೆಯಂಥ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಕಣ್ಣುಪಾಪೆ, ಅಲುಗಿಸಿದರೂ ಏಳದಿರುವುದು ಕಂಡರೆ ಅದು ನಿದ್ದೆಯಲ್ಲ. ಮುಖಕ್ಕೆ ನೀರೆರಚುತ್ತಾ ಕೂರಬೇಡಿ, 108ಕ್ಕೆ ಕರೆಮಾಡಿ. ಉಸಿರಾಟ ನಿಂತಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಿ. ಸರಿಯಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಆಸ್ಪತ್ರೆಯಲ್ಲಿ ಕೊಡುವ, ಓಪಿಯಾಯ್ಡಿನ ಪರಿಣಾಮ ತಡೆಯುವ ನಲಾಕ್ಸೋನ್ ಇಂಜೆಕ್ಷನ್ನಿಗೆ ಕೆಲವೇ ನಿಮಿಷದಲ್ಲಿ ಹುಡುಗ ಎದ್ದು ಕೂರಬಹುದು. ಅದರ ಪರಿಣಾಮ ಇರುವುದು 30ರಿಂದ 90 ನಿಮಿಷ. ಒಳಗಿರುವ ಮಾತ್ರೆಯದು ಅದಕ್ಕಿಂತ ದೀರ್ಘ. ಎದ್ದನೆಂದು ಆಗಲೇ ಮನೆಗೆ ಕರೆದೊಯ್ಯಬೇಡಿ.