ಬೆನ್ನು ನೇರವಾಯಿತು, ಮೈಗೆ ಇನ್ನೂ ಗೊತ್ತಿಲ್ಲ

ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆಗೆ ಆಪರೇಷನ್ ಆದ ಮಕ್ಕಳು ಮೊದಲ ಸಲ ನನ್ನ ಬಳಿ ಬಂದಾಗ ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ. "ಮೇಡಂ, ನಾನೀಗ ಇನ್ನೊಂದು ಕಡೆಗೆ ವಾಲಿಬಿಟ್ಟಿದ್ದೀನಿ ಅನ್ಸುತ್ತೆ." ಪಕ್ಕದಲ್ಲಿ ಕೂತ ಅಮ್ಮನ ಮುಖ ಬಾಡುತ್ತದೆ. ಅಷ್ಟು ಖರ್ಚು ಮಾಡಿ, ಅಷ್ಟು ದೊಡ್ಡ ಆಪರೇಷನ್ ಮಾಡಿಸಿ, ಮತ್ತೆ ಸೊಟ್ಟವೇ? ಎಕ್ಸ್‌ರೇ ತೆಗೆದು ನೋಡಿದರೆ ಬೆನ್ನು ನೆಟ್ಟಗೇ ಇರುತ್ತದೆ. ಆದರೂ ಮಗು ಹೇಳುವುದು ಸುಳ್ಳಲ್ಲ.

ನಾವು ನೇರ ನಿಂತಿದ್ದೇವೋ ಇಲ್ಲವೋ ಅಂತ ಮಿದುಳಿಗೆ ತಿಳಿಸುವುದು ಕಣ್ಣು ಮಾತ್ರ ಅಲ್ಲ. ಒಳಕಿವಿ, ಕತ್ತಿನ ಸ್ನಾಯು, ಬೆನ್ನಿನ ಒಂದೊಂದು ಕೀಲು, ಅಂಗಾಲು ಎಲ್ಲವೂ ಸುದ್ದಿ ಕಳಿಸುತ್ತಲೇ ಇರುತ್ತವೆ. ಮೂರ್ನಾಲ್ಕು ವರ್ಷ ಒಂದು ಕಡೆ ವಾಲಿಕೊಂಡೇ ಬೆಳೆದ ಮಗುವಿಗೆ ಆ ವಾಲುವಿಕೆಯೇ ನೇರ. ಆಪರೇಷನ್ ಥಿಯೇಟರಿನಲ್ಲಿ ಕೆಲವೇ ಗಂಟೆಯಲ್ಲಿ ಮೂಳೆಯ ಸ್ಥಾನ ಬದಲಾಗುತ್ತದೆ. ಮಿದುಳಿನ ಲೆಕ್ಕ ಬದಲಾಗುವುದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡ್ಯ, ಮದ್ದೂರು, ನಂಜನಗೂಡು ಕಡೆಯಿಂದಲೂ ಈ ಮಕ್ಕಳು ಬರುತ್ತಾರೆ. ಆಪರೇಷನ್ ಬಗ್ಗೆ ಸರ್ಜನ್ ವಿವರವಾಗಿ ಹೇಳಿರುತ್ತಾರೆ. ಆದರೆ ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಈ ಹೊಸ ಬೆನ್ನು ಹೊತ್ತು ಹೇಗೆ ಇರಬೇಕು ಅನ್ನುವುದನ್ನು ಮನೆಯವರು ತಾವೇ ತಡಕಾಡಿ ಕಂಡುಕೊಳ್ಳುತ್ತಾರೆ. ಅದಕ್ಕೇ ಈ ಬರಹ.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುವುದೂ ಸೇರಿದರೆ ಅದು ಸ್ಕೋಲಿಯೋಸಿಸ್. ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಬೆಳೆಯುವ ವಯಸ್ಸಿನ ನೂರು ಮಕ್ಕಳಲ್ಲಿ ಎರಡು-ಮೂರು ಮಕ್ಕಳಿಗೆ ಇದು ಇರುತ್ತದೆ. ಬಾಗು ಬೆಳೆದು ದೊಡ್ಡದಾಗುವುದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ಬಹುಪಾಲು ಮಕ್ಕಳಲ್ಲಿ ಕಾರಣ ಇಂಥದ್ದೇ ಅಂತ ಯಾರಿಗೂ ಹೇಳಲು ಆಗಿಲ್ಲ. ಭಾರದ ಸ್ಕೂಲ್ ಬ್ಯಾಗಿನಿಂದ ಬಂದದ್ದಲ್ಲ. ಮಗ್ಗುಲಾಗಿ ಮಲಗಿದ್ದರಿಂದಲೂ ಅಲ್ಲ. ತಾಯಂದಿರು ಸುಮ್ನೆ ತಮ್ಮನ್ನೇ ಬೈದುಕೊಳ್ಳುವುದನ್ನು ನೋಡಿ ನನಗೆ ಬೇಜಾರಾಗುತ್ತದೆ. ಮೊದಲು ಗುರುತಿಸುವವರು ಎಷ್ಟೋ ಸಲ ಟೈಲರ್. "ಲಂಗ ಒಂದು ಕಡೆ ಎತ್ತರ ಆಗ್ತಿದೆ ನೋಡಿ" ಅನ್ನುತ್ತಾರೆ. ಆಗಲೇ ಮಗುವನ್ನು ಮುಂದೆ ಬಗ್ಗಿಸಿ, ಹಿಂದಿನಿಂದ ಬೆನ್ನು ನೋಡಿ. ಒಂದು ಕಡೆಯ ಪಕ್ಕೆಲುಬು ಎದ್ದಂತೆ ಕಂಡರೆ ಮೂಳೆ ಡಾಕ್ಟರಿಗೆ ತೋರಿಸಿ. ಇನ್ನೂ ಬೆಳೆಯುತ್ತಿರುವ ಮಗುವಿಗೆ 25ರಿಂದ 40 ಡಿಗ್ರಿವರೆಗಿನ ಬಾಗು ಇದ್ದರೆ ಬ್ರೇಸ್, ಅಂದರೆ ಮೈಗೆ ಬಿಗಿಯಾಗಿ ತೊಡುವ ಗಟ್ಟಿ ಕವಚ, ಸಹಾಯ ಮಾಡುತ್ತದೆ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ರೇಸ್ ಹಾಕಿಕೊಂಡವರಲ್ಲಿ ನೂರಕ್ಕೆ 72 ಮಕ್ಕಳ ಬಾಗು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ಹಾಕದೆ ಬರೀ ಗಮನಿಸುತ್ತಾ ಇದ್ದವರಲ್ಲಿ ಅದು 48. ಬಾಗು 45-50 ಡಿಗ್ರಿ ದಾಟಿದರೆ ಆಪರೇಷನ್ ಮಾತು ಬರುತ್ತದೆ. ಬೆಳವಣಿಗೆ ನಿಂತ ಮೇಲೂ ಅಷ್ಟು ದೊಡ್ಡ ಬಾಗು ನಿಧಾನವಾಗಿ ಜಾಸ್ತಿಯಾಗುತ್ತಲೇ ಹೋಗುತ್ತದೆ ಅನ್ನುವುದೇ ಕಾರಣ.

ಆಪರೇಷನ್‌ನಲ್ಲಿ ಬೆನ್ನುಮೂಳೆಯ ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ರಾಡ್ ಕೂರಿಸಿ, ಬಾಗನ್ನು ತಿದ್ದುತ್ತಾರೆ. ಮಣಿಗಳ ನಡುವೆ ಮೂಳೆಚೂರು ಇಡುತ್ತಾರೆ. ಉದ್ದಕ್ಕೂ ಬೆನ್ನುಹುರಿಯ ಸಂಕೇತಗಳನ್ನು ಯಂತ್ರದಲ್ಲಿ ನೋಡುತ್ತಲೇ ಇರುತ್ತಾರೆ. ಮುಂದಿನ ಆರು ತಿಂಗಳಿಂದ ಒಂದು ವರ್ಷದಲ್ಲಿ ಆ ಮಣಿಗಳು ಒಂದೇ ಮೂಳೆಯಾಗಿ ಕೂಡಿಕೊಳ್ಳುತ್ತವೆ. ನಂಜನಗೂಡು ಕಡೆ ಗೊನೆ ಬಿಟ್ಟ ಬಾಳೆಗೆ ಕೋಲು ಆನಿಸುತ್ತಾರಲ್ಲ, ರಾಡ್ ಮಾಡುವುದೂ ಆ ಕೆಲಸವನ್ನೇ. ಕೊನೆಗೆ ಭಾರ ಹೊರುವುದು ಕೂಡಿಕೊಂಡ ಮೂಳೆ. ಮೂಳೆ ಸರಿಯಾಗಿ ಕೂಡದಿದ್ದರೆ ಎಷ್ಟೇ ಗಟ್ಟಿ ರಾಡ್ ಆದರೂ ವರ್ಷಗಳ ಮೇಲೆ ಮುರಿಯಬಹುದು. "ಕಬ್ಬಿಣ ಹಾಕಿದ್ದಾರಲ್ಲ, ಇನ್ನೇನು ಭಯ" ಅಂತ ಎರಡನೇ ತಿಂಗಳಿಗೇ ಹುಲ್ಲಿನ ಹೊರೆ ಹೊರಿಸಬಾರದು ಅನ್ನುವುದು ಇದಕ್ಕೇ.

1960ರ ದಶಕದಲ್ಲಿ ಹ್ಯಾರಿಂಗ್ಟನ್ ರಾಡ್ ಅನ್ನುವ ಆ ಕಾಲದ ರಾಡ್ ಹಾಕಿಸಿಕೊಂಡವರು ಮೈಗೆಲ್ಲ ಪ್ಲಾಸ್ಟರ್ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಇರಬೇಕಿತ್ತು. ಈಗ ಮರುದಿನ ಅಥವಾ ಅದರ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತೇವೆ. ಏಳುವ ರೀತಿ ಮುಖ್ಯ. ಹೆಗಲು, ಸೊಂಟ ಎರಡೂ ಒಟ್ಟಿಗೆ ಹೊರಳಿ ಮಗ್ಗುಲಾಗಬೇಕು. ಕಾಲು ಕೆಳಗೆ ಇಳಿಬಿಟ್ಟು, ಕೈಯೂರಿ ಏಳಬೇಕು. ಮೊದಲ ಸಲ ತಲೆ ಸುತ್ತುತ್ತದೆ, ಅಳು ಬರುತ್ತದೆ. ಬರಲಿ ಬಿಡಿ.

ಮೊದಲ ವಾರಗಳ ನೋವಿಗೆ ಎಲ್ಲರೂ ಸಿದ್ಧರಿರುತ್ತಾರೆ. ಹೊಟ್ಟೆಯ ತೊಂದರೆಯನ್ನು ಯಾರೂ ನಿರೀಕ್ಷಿಸಿರುವುದಿಲ್ಲ. ನೋವಿನ ಬಲವಾದ ಔಷಧಿಯಿಂದ ಮಲ ಕಟ್ಟುತ್ತದೆ. ಹಸಿವು ಸತ್ತುಹೋಗುತ್ತದೆ, ತೂಕ ಇಳಿಯುತ್ತದೆ. ಇಂಥ ಹೊತ್ತಲ್ಲೇ ಮನೆಯಲ್ಲಿ ಅಜ್ಜಿ, "ಗಾಯಕ್ಕೆ ನಂಜು ಕಣವ್ವ" ಅಂತ ಮೊಟ್ಟೆ, ಮಾಂಸ, ಕಡಲೆಕಾಯಿ, ಬದನೆಕಾಯಿ ಎಲ್ಲ ನಿಲ್ಲಿಸಿಬಿಡುತ್ತಾರೆ. ಅಜ್ಜಿಯ ಪ್ರೀತಿ ದೊಡ್ಡದು. ಆದರೆ ಮೂಳೆ ಕೂಡುವುದಕ್ಕೂ ಗಾಯ ಮಾಯುವುದಕ್ಕೂ ಪ್ರೋಟೀನ್ ಬೇಕೇ ಬೇಕು. ತಿನ್ನುವ ಮನೆಯವರಾದರೆ ಮೊಟ್ಟೆ ಕೊಡಿ. ಇಲ್ಲವಾದರೆ ಹುರುಳಿಕಾಳು, ಹೆಸರುಕಾಳು, ಮೊಸರು, ರಾಗಿ ಕೊಡಿ. ಒಂದೇ ಸಲ ತಟ್ಟೆ ತುಂಬ ಬೇಡ, ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ. ತಿಂದದ್ದೆಲ್ಲ ವಾಂತಿಯಾಗುತ್ತಲೇ ಇದ್ದರೆ ಗ್ಯಾಸ್ ಅಂತ ಸುಮ್ಮನಾಗಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಬೆನ್ನು ಉದ್ದವಾದಾಗ ಕೆಲವರಲ್ಲಿ ಸಣ್ಣ ಕರುಳಿನ ಮೇಲ್ಭಾಗ ಒತ್ತಿಕೊಳ್ಳುವುದುಂಟು. ಜ್ವರ, ಗಾಯದಿಂದ ನೀರು ಅಥವಾ ಕೀವು, ಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದುವುದು, ಮೂತ್ರ ಹಿಡಿತ ತಪ್ಪುವುದು, ಮೀನಖಂಡ ಊದುವುದು, ಉಸಿರು ಕಟ್ಟುವುದು ಇವು ಯಾವುದಿದ್ದರೂ ಬೆಳಗಿನವರೆಗೆ ಕಾಯಬೇಡಿ. ಇನ್ನೊಂದು ಮಾತು. ಎಣ್ಣೆ ಕಾಯಿಸಿ ನೀವುವುದು, ನಾಟಿ ಮೂಳೆ ವೈದ್ಯರಲ್ಲಿ ಎಳೆಸುವುದು ಖಂಡಿತ ಬೇಡ.

ನಮ್ಮ ಮನೆಗಳು ನೆಲಕ್ಕೆ ಹತ್ತಿರದ ಮನೆಗಳು. ಕಷ್ಟ ಇರುವುದು ಅಲ್ಲೇ. ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು ಅಂತ ಡಾಕ್ಟರ್ ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಸ್ನಾನಕ್ಕೆ ಬಕೆಟ್ಟು ನೆಲದ ಮೇಲೆ, ಊಟ ನೆಲದ ಮೇಲೆ, ಕಕ್ಕಸು ಕುಕ್ಕರಗಾಲಿನದ್ದು. ಬಕೆಟ್ಟನ್ನು ಸ್ಟೂಲಿನ ಮೇಲಿಡಿ, ಮಗು ಕುರ್ಚಿ ಮೇಲೆ ಕೂತು ಸ್ನಾನ ಮಾಡಲಿ. ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿ ತನ್ನಿ. ಬೇಕಾಗುವ ಬಟ್ಟೆ, ಪುಸ್ತಕ ಸೊಂಟದ ಎತ್ತರದಲ್ಲಿರಲಿ. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳುವುದು ಕೆಲವು ವಾರ ಕಷ್ಟ, ಅಮ್ಮ ಹಾಕಲಿ. ಶಾಲೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಹೋಗಬಹುದು. ಪುಸ್ತಕದ ಇನ್ನೊಂದು ಸೆಟ್ ಶಾಲೆಯಲ್ಲೇ ಇರಲಿ ಅಂತ ಟೀಚರನ್ನು ಕೇಳಿ. ನಡಿಗೆ ಮಾತ್ರ ದಿನವೂ ಬೇಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಾರಿ ಇದೆ. ಊರಿನವರು ನಾಲೆ ಏರಿ ಬಿಟ್ಟು ಸಮನಾದ ರಸ್ತೆ ಹುಡುಕಿ.

ಇನ್ನು ಮೈಯ ಬದಲಾವಣೆಗಳು. ಆಪರೇಷನ್ ಆದ ತಕ್ಷಣ 2ರಿಂದ 5 ಸೆಂಟಿಮೀಟರ್ ಎತ್ತರ ಹೆಚ್ಚುವುದು ಸಾಮಾನ್ಯ. ಚೂಡಿದಾರ್ ಗಿಡ್ಡವಾಗುತ್ತದೆ, ಹಳೇ ಬ್ಲೌಸ್ ಕೂರುವುದಿಲ್ಲ. ಗಾಯದ ಅಕ್ಕಪಕ್ಕ ಮರಗಟ್ಟಿದಂತೆ ಇರುತ್ತದೆ. ಅದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಒಂದಿಷ್ಟು ಜಾಗ ಹಾಗೇ ಉಳಿಯುತ್ತದೆ. ಪಕ್ಕೆಲುಬಿನ ಗೂನು ಪೂರ್ತಿ ಹೋಗದೇ ಇರಬಹುದು, ಯಾಕೆಂದರೆ ತಿರುಚುವಿಕೆಯನ್ನು ಪೂರ್ತಿ ತಿದ್ದುವುದು ಕಷ್ಟ. ಇದನ್ನು ಮೊದಲೇ ಹೇಳದಿದ್ದರೆ ಮಗು ಕನ್ನಡಿ ನೋಡಿ ಕುಗ್ಗುತ್ತದೆ. ಎದೆಮಟ್ಟದ ಮಣಿಗಳು ಮೊದಲೇ ಕಡಿಮೆ ಅಲುಗುವಂಥವು. ಅಲ್ಲಿ ಮಾತ್ರ ಕೂಡಿಸಿದ್ದರೆ ಬಗ್ಗುವುದರಲ್ಲಿ ಅಷ್ಟೇನೂ ಕಳೆದುಹೋಗುವುದಿಲ್ಲ. ಸೊಂಟದ ಮಣಿಗಳವರೆಗೂ ಇಳಿದಿದ್ದರೆ ಬಿಗಿತ ಚೆನ್ನಾಗಿಯೇ ಗೊತ್ತಾಗುತ್ತದೆ. ಆಗ ತೊಡೆಯ ಕೀಲಿನಿಂದ ಬಗ್ಗುವುದನ್ನು, ಮಂಡಿ ಮಡಿಸಿ ಕೆಳಗಿನದ್ದನ್ನು ಎತ್ತಿಕೊಳ್ಳುವುದನ್ನು ಕಲಿಸುತ್ತೇವೆ.

ಆರಂಭದಲ್ಲಿ ಹೇಳಿದ ಆ ವಾಲಿದ ಭಾವನೆಗೂ ಅಭ್ಯಾಸವಿದೆ. ಎರಡು ತೂಕದ ಮಷೀನ್ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲು ಇಡಿಸುತ್ತೇನೆ. ಮಗು ಕಣ್ಣು ಮುಚ್ಚಿ, ತನಗೆ ನೇರ ಅನ್ನಿಸಿದಂತೆ ನಿಲ್ಲಬೇಕು. ಕಣ್ಣು ಬಿಟ್ಟು ನೋಡಿದರೆ ಒಂದರಲ್ಲಿ ತೂಕ ಜಾಸ್ತಿ. ಕನ್ನಡಿ ನೋಡಿ ಸರಿಮಾಡಿಕೊಂಡು ಮತ್ತೆ ಕಣ್ಣು ಮುಚ್ಚಬೇಕು. ದಿನಕ್ಕೆ ಐದು ನಿಮಿಷ ಸಾಕು. ಮನೆಯವರು ಹೊತ್ತುಹೊತ್ತಿಗೂ "ನೆಟ್ಟಗೆ ನಿಲ್ಲು" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಆ ಮಾತನ್ನು ನಿಮ್ಮ ಮಗಳು ಆಪರೇಷನ್‌ಗೆ ಮೊದಲೇ ಬೇಕಾದಷ್ಟು ಕೇಳಿದ್ದಾಳೆ.

ಮೈಸೂರು ಅಂದ ಮೇಲೆ ಯೋಗದ ಪ್ರಶ್ನೆ ಬರಲೇಬೇಕು ಅಲ್ವಾ. ಯೋಗದಿಂದ ಉಸಿರು ಚೆನ್ನಾಗುತ್ತದೆ, ಸ್ನಾಯು ಗಟ್ಟಿಯಾಗುತ್ತದೆ. 50 ಡಿಗ್ರಿಯ ಬಾಗು ನೇರವಾಗುವುದಿಲ್ಲ. ಆಪರೇಷನ್ ಆದ ಮೇಲೆ ನಿಧಾನದ ಉಸಿರಾಟವನ್ನು ಮೊದಲ ವಾರದಿಂದಲೇ ಮಾಡಿಸುತ್ತೇವೆ. ಕೂತು, ನಿಂತು ಮಾಡುವ ಸುಲಭದ ಆಸನಗಳಿಗೆ ಸರ್ಜನ್ ಒಪ್ಪಿಗೆ ಬೇಕು. ಚಕ್ರಾಸನ, ಹಲಾಸನ, ಬಲವಾಗಿ ತಿರುಚುವ ಆಸನಗಳನ್ನು ನಾನು ಮುಂದೆಯೂ ಬೇಡ ಅನ್ನುತ್ತೇನೆ. ಕೂಡಿದ ಭಾಗ ಅಲುಗುವುದಿಲ್ಲ, ಅದರ ಮೇಲಿನ ಮತ್ತು ಕೆಳಗಿನ ಕೀಲುಗಳೇ ಎಲ್ಲ ಎಳೆತ ಹೊರಬೇಕಾಗುತ್ತದೆ. ಭರತನಾಟ್ಯದ ಮಕ್ಕಳಿಗೆ ನಾನು ಧೈರ್ಯ ಹೇಳುತ್ತೇನೆ. ಅರೆಮಂಡಿ ನಿಂತಿರುವುದು ತೊಡೆಯ ಕೀಲು ಮತ್ತು ಮಂಡಿಯ ಮೇಲೆ. ಬೆನ್ನು ಅಲ್ಲಿ ನೇರವಾಗಿಯೇ ಇರಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲಿಗೂ ಅವಸರ ಬೇಡ, ಮೂಳೆ ಕೂಡಿದ ಮೇಲೆ ಅಡ್ಡಿಯೂ ಇಲ್ಲ.

ಕೊನೆಗೆ, ತಾಯಂದಿರು ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಕೇಳುವ ಮಾತು. "ಮದುವೆ, ಮಕ್ಕಳು ಎಲ್ಲಾ ಆಗುತ್ತಾ ಮೇಡಂ?" ಆಗುತ್ತೆ. ಈ ಆಪರೇಷನ್ ಆದವರು ಗರ್ಭಿಣಿಯರಾಗುತ್ತಾರೆ, ಸಹಜ ಹೆರಿಗೆಯೂ ಆಗುತ್ತದೆ. ಆದರೆ ಸೊಂಟದ ಮಣಿಗಳವರೆಗೆ ಸ್ಕ್ರೂ ಇದ್ದರೆ ಬೆನ್ನಿಗೆ ಅರಿವಳಿಕೆ ಕೊಡುವುದು ಕಷ್ಟವಾಗಬಹುದು. ಅರಿವಳಿಕೆ ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಬೇರೆ ದಾರಿ ಯೋಚಿಸಿರುತ್ತಾರೆ. ಕೆಲವು ಮನೆಗಳಲ್ಲಿ ಆಪರೇಷನ್ ಸುದ್ದಿಯನ್ನೇ ಗಂಡಿನ ಕಡೆಯವರಿಗೆ ಹೇಳದೆ ಮುಚ್ಚಿಡುತ್ತಾರೆ. ಆಮೇಲೆ ಹೆರಿಗೆ ನೋವು ಶುರುವಾದಾಗ ಯಾವ ಮಣಿಯಿಂದ ಯಾವ ಮಣಿಯವರೆಗೆ ಸ್ಕ್ರೂ ಇದೆ ಅಂತ ಹೇಳುವವರೇ ಇರುವುದಿಲ್ಲ. ಮುಚ್ಚಿಡಬೇಡಿ. ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ವಿವರ, ಕೊನೆಯ ಎಕ್ಸ್‌ರೇ ಮೂರನ್ನೂ ಫೋಟೋ ತೆಗೆದು ಮಗಳ ಫೋನಿನಲ್ಲೇ ಇರುವಂತೆ ಮಾಡಿ. ಅಸಲು ಕಾಗದಗಳನ್ನು ಅವಳು ಯಾವ ಊರಿಗೆ ಹೋದರೂ ಜೊತೆಗೆ ಕಳಿಸಿ.