ಎಷ್ಟು ಹುಡುಕಿದ್ದಾರೆ ಅಂತ ಮೊದಲು ಕೇಳಿ

ಮಳೆಗಾಲ ಮುಗಿದು ಆಕಾಶ ತೆರೆದ ಮೇಲೆ ಮಲ್ಪೆ ಬೀಚಿನಲ್ಲಿ ಟೆಲಿಸ್ಕೋಪ್ ಇಟ್ಟು ಜನರಿಗೆ ಗ್ರಹ, ನಕ್ಷತ್ರ ತೋರಿಸುತ್ತೇನೆ. ಶನಿಯ ಬಳೆ ನೋಡಿ ಖುಷಿಪಟ್ಟವರು ತಿರುಗಿ ಅದೇ ಮಾತು ಹೇಳುತ್ತಾರೆ: "ಅರವತ್ತು ವರ್ಷದಿಂದ ಏಲಿಯನ್ ಹುಡುಕಿದ್ದಾರಲ್ಲ ಸರ್, ಯಾರೂ ಸಿಕ್ಕಿಲ್ಲ. ಅಲ್ಲಿಗೆ ಬೇರೆ ಕಡೆ ಯಾರೂ ಇಲ್ಲ ಅಂತಾಯ್ತಲ್ವಾ?" ನಾನು ಪಾಠ ಮಾಡುವ ಕಾಲೇಜಿನಲ್ಲೂ ಇದೇ. ಎಷ್ಟು ಹುಡುಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ವರ್ಷ ಎಣಿಸಿ ಲಾಭ ಇಲ್ಲ ಮಾರಾಯ್ರೆ. 1960ರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಬೇರೆ ಲೋಕದವರ ರೇಡಿಯೋ ಸಿಗ್ನಲ್ ಹುಡುಕಲು ಶುರುಮಾಡಿದಾಗ ಆಂಟೆನಾ ತಿರುಗಿಸಿದ್ದು ಎರಡೇ ನಕ್ಷತ್ರಗಳ ಕಡೆಗೆ. ಕೇಳಿದ್ದು 1420 ಮೆಗಾಹರ್ಟ್ಸ್‌ನ ಆಸುಪಾಸಿನ ಫ್ರೀಕ್ವೆನ್ಸಿಗಳನ್ನು ಮಾತ್ರ. ಆಮೇಲೆ ಸಾವಿರಾರು ನಕ್ಷತ್ರಗಳನ್ನು ನೋಡಿದ್ದಾರೆ, ನಿಜ. ಆದರೆ ನಮ್ಮ ಗ್ಯಾಲಕ್ಸಿಯಲ್ಲಿ ಕಡಿಮೆ ಎಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ.

ನಕ್ಷತ್ರದ ಲೆಕ್ಕವೊಂದೇ ಸಾಲದು. ದಿಕ್ಕು, ಫ್ರೀಕ್ವೆನ್ಸಿ, ಹೊತ್ತು, ನಮ್ಮ ಆಂಟೆನಾಕ್ಕೆ ಸಿಗುವಷ್ಟು ಬಲ, ನಾಲ್ಕೂ ಒಟ್ಟಿಗೆ ಕೂಡಿಬರಬೇಕು. ಒಮ್ಮೆ ಇದನ್ನು ವಿವರಿಸುವಾಗ ಹಿಂದೆ ನಿಂತಿದ್ದ, ಬೋಟ್ ನಡೆಸುವ ತಾಂಡೇಲರೊಬ್ಬರು, "ನಮ್ಮ ಬೋಟಿನ ವಯರ್‌ಲೆಸ್ಸೂ ಹಾಗೇ ಅಲ್ವಾ? ಚಾನೆಲ್ ಬೇರೆ ಇದ್ದರೆ ಪಕ್ಕದ ಬೋಟಿನವ ಕರೆದರೂ ಕೇಳುವುದಿಲ್ಲ" ಎಂದರು. ಎಷ್ಟು ಚಂದದ ಮಾತು! ಮಕ್ಕಳಿಗೆ ತಟ್ಟನೆ ಅರ್ಥವಾಯಿತು.

ಹೊತ್ತಿನ ವಿಷಯವನ್ನಂತೂ ಜನ ಪೂರ್ತಿ ಮರೆಯುತ್ತಾರೆ. ನಾವೇ ಏನು ಕಳಿಸಿದ್ದೇವೆ ನೋಡಿ. 1974ರ ನವೆಂಬರಿನಲ್ಲಿ ಪೋರ್ಟೊ ರಿಕೊದ ಅರೆಸಿಬೊ ರೇಡಿಯೋ ಟೆಲಿಸ್ಕೋಪಿನಿಂದ ಎಂ13 ಎಂಬ ನಕ್ಷತ್ರಗುಚ್ಛದ ಕಡೆಗೆ ಒಂದು ಸಂದೇಶ ಹೋಯಿತು. ತುಂಬಾ ಬಲವಾದದ್ದು. ಆದರೆ ಮೂರು ನಿಮಿಷಕ್ಕೂ ಕಡಿಮೆ. ಅಷ್ಟು ದೂರ ಹೋಗಲು ಅದಕ್ಕೆ ಸುಮಾರು 25,000 ವರ್ಷ ಬೇಕು. ದಾರಿಯಲ್ಲಿ ಯಾರಾದರೂ ಇದ್ದು, ಆ ಮೂರು ನಿಮಿಷ ಬಿಟ್ಟು ಬೇರೆ ಹೊತ್ತಿನಲ್ಲಿ ನಮ್ಮ ಕಡೆ ಕಿವಿಗೊಟ್ಟರೆ ಅದು ಸಿಗುವುದಿಲ್ಲ. ಅಷ್ಟಕ್ಕೇ ಭೂಮಿ ಖಾಲಿ ಅಂತ ಅವರು ತೀರ್ಮಾನ ಮಾಡಿದರೆ ನಾವು ಒಪ್ಪುತ್ತೇವಾ? ನೋಡಿದ ನಕ್ಷತ್ರಗಳಿಂದ, ಕೇಳಿದ ಹೊತ್ತಿನಲ್ಲಿ, ಕೇಳಿದ ಫ್ರೀಕ್ವೆನ್ಸಿಯಲ್ಲಿ ನಂಬುವಂಥ ಸಿಗ್ನಲ್ ಸಿಕ್ಕಿಲ್ಲ. ಪಿಯುಸಿ ಮಕ್ಕಳು ಪ್ರಾಜೆಕ್ಟಿನಲ್ಲಿ ಇಷ್ಟೇ ಬರೆಯಲಿ.

ಇನ್ನೊಂದು ಕಡೆ, ವಾಟ್ಸಾಪಿನಲ್ಲಿ ಏಲಿಯನ್ ವಿಡಿಯೋ ಕಳಿಸುವವರಿದ್ದಾರೆ. 1977ರ ಆಗಸ್ಟ್ 15ರಂದು ಓಹಿಯೊದ ರೇಡಿಯೋ ಟೆಲಿಸ್ಕೋಪಿಗೆ 72 ಸೆಕೆಂಡ್ ಒಂದು ಜೋರು ಸಿಗ್ನಲ್ ಸಿಕ್ಕಿದ್ದು ಹೌದು. ಮತ್ತೆ ಹುಡುಕಿದಾಗ ಅದು ಸಿಗಲಿಲ್ಲ. ಒಂದೇ ಸಲ ಕೇಳಿದ್ದನ್ನು ಪುರಾವೆ ಅನ್ನುವ ಹಾಗಿಲ್ಲ.

ಅವರು ಇದ್ದಾರೆ ಅಂತ ನಾನೂ ಹೇಳುತ್ತಿಲ್ಲ. ಭೂಮಿಯಲ್ಲಿ ಜೀವ ಹುಟ್ಟಿ ಸುಮಾರು 350 ಕೋಟಿ ವರ್ಷವಾದರೂ ಆಗಿದೆ. ರೇಡಿಯೋ ಬಂದು ನೂರು ಚಿಲ್ಲರೆ ವರ್ಷ ಅಷ್ಟೇ. ಬೇರೆ ಕಡೆ ಜೀವ ಇದ್ದರೂ ಅದಿನ್ನೂ ಪಾಚಿಯಂತೆ ಇರಬಹುದು. ಪಾಚಿ ರೇಡಿಯೋದಲ್ಲಿ ಮಾತಾಡುವುದಿಲ್ಲ. ಅದನ್ನು ಹುಡುಕಬೇಕಾದರೆ ಗ್ರಹದ ಗಾಳಿಯಲ್ಲಿ ಯಾವ ಅನಿಲಗಳಿವೆ ಅಂತ ನೋಡಬೇಕು. 2021ರಲ್ಲಿ ಹಾರಿದ ಜೇಮ್ಸ್ ವೆಬ್ ಟೆಲಿಸ್ಕೋಪ್ ಕೆಲವು ಗ್ರಹಗಳ ಗಾಳಿಯನ್ನು ಹಾಗೆ ನೋಡಲು ಶುರುಮಾಡಿದೆ.