‘ಚಾಲಿ ದರ (3)’ ಯಾವ ದಿನದ್ದು?

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟಿನ ದರ ದಿನದಿನಕ್ಕೂ ಬೇರೆ. ಆದರೆ ಲೆಕ್ಕದ ತಂತ್ರಾಂಶದಿಂದ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿದ ಪಟ್ಟಿಗೆ ಎಷ್ಟೋ ಸಲ ದಿನವೂ ಒಂದೇ ಹೆಸರು. ಹಳೆಯದರ ಮೇಲೆ ಹೊಸದು ಕೂತು ನಿನ್ನೆಯ ದರ ಅಳಿಸಿಹೋಗುತ್ತದೆ, ಇಲ್ಲವೇ (1), (2), (3) ಎಂದು ಬಾಲ ಬೆಳೆಯುತ್ತದೆ.

ಫೈಲಿಗೆ ತಾರೀಖು ಹೇಗೂ ಇರುತ್ತದಲ್ಲ ಎನ್ನಬಹುದು. ಇರುತ್ತದೆ, ಆದರೆ ಫೈಲಿನೊಳಗಲ್ಲ. ಅದನ್ನು ಇಟ್ಟ ಡಿಸ್ಕಿನ ದಾಖಲೆಯಲ್ಲಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲು ಇಡುವ ವ್ಯವಸ್ಥೆ 1601ರ ಜನವರಿ 1ರಿಂದ ಕಾಲವನ್ನು ಎಣಿಸುತ್ತದೆ, ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಪೆನ್‌ಡ್ರೈವಿನ ಹಳೆಯ ಫ್ಯಾಟ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ ಸಿಕ್ಕಿದ್ದು ಐದೇ ಬಿಟ್ (ಸೊನ್ನೆ ಅಥವಾ ಒಂದನ್ನು ಹಿಡಿಯುವ ಜಾಗ). ಐದು ಬಿಟ್‌ನಲ್ಲಿ 32 ಸಂಖ್ಯೆಗಳಷ್ಟೇ ಹಿಡಿಯುವುದರಿಂದ, ಫೈಲು ಬದಲಾದ ವೇಳೆಯನ್ನು ಅದು ಎರಡೆರಡು ಸೆಕೆಂಡಿಗೊಮ್ಮೆ ಬರೆಯುತ್ತದೆ. ಇಷ್ಟೆಲ್ಲ ಲೆಕ್ಕ ಇಟ್ಟರೂ, ಫೈಲನ್ನು ಇಮೇಲ್‌ನಲ್ಲಿ ಕಳಿಸಿದರೆ ಅತ್ತ ಇಳಿಸಿಕೊಂಡವರ ಕಂಪ್ಯೂಟರು ಸಾಮಾನ್ಯವಾಗಿ ಇಳಿಸಿದ ಹೊತ್ತನ್ನೇ ನಮೂದಿಸುತ್ತದೆ. ಜೊತೆಗೆ ಹೋಗುವುದು ಹೆಸರು. ಹಾಗಾಗಿ ತಾರೀಖನ್ನು ಹೆಸರಿಗೇ ಸೇರಿಸುವುದು ಮೇಲು.

ಸೇರಿಸುವ ಕ್ರಮವೂ ಮುಖ್ಯ. ಕಂಪ್ಯೂಟರು ಹೆಸರುಗಳನ್ನು ನಿಘಂಟಿನ ಪದಗಳಂತೆ ಎಡದಿಂದ ಹೋಲಿಸುತ್ತದೆ. ನಮ್ಮ ರೂಢಿಯಂತೆ 02-01-2025, 01-12-2024 ಎಂದು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖುಗಳು ಒಂದೆಡೆ, ಎರಡನೇ ತಾರೀಖುಗಳು ಇನ್ನೊಂದೆಡೆ ಗುಂಪು ಕಟ್ಟುತ್ತವೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬಂದರೆ, 20250314_1530 ಎಂಬಂತೆ, ಹೆಸರಿನ ಕ್ರಮವೇ ಕಾಲದ ಕ್ರಮ. ಒಂಬತ್ತನ್ನು 09 ಎಂದೇ ಬರೆಯಬೇಕು. 24 ಗಂಟೆಯ ಲೆಕ್ಕವೇ ಇರಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಒಂದು ಗಂಟೆ ಬೆಳಗಿನ ಒಂಬತ್ತಕ್ಕಿಂತ ಮುಂದೆ ಹೋಗಿ ಕೂರುತ್ತದೆ. 1988ರಲ್ಲಿ ಬಂದ ಐಎಸ್‌ಒ 8601 ಎಂಬ, ತಾರೀಖು-ವೇಳೆ ಬರೆಯುವ ಅಂತರರಾಷ್ಟ್ರೀಯ ಮಾನಕದಲ್ಲೂ ಇದೇ ಕ್ರಮ. ಗಂಟೆ-ನಿಮಿಷದ ನಡುವೆ ಕೋಲನ್ (:) ಹಾಕಲು ಹೋಗಬೇಡಿ, ವಿಂಡೋಸ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಓರೆಗೆರೆಯಂತೂ (/) ಫೋಲ್ಡರುಗಳನ್ನು ಬೇರ್ಪಡಿಸುವ ಗುರುತು.

ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಹೊಂಡವಿದೆ. ಜಾವಾ ಎಂಬ ಪ್ರೋಗ್ರಾಂ ಭಾಷೆಯಲ್ಲಿ ವರ್ಷಕ್ಕೆ ಚಿಕ್ಕಕ್ಷರದ ‘ವೈ’ ಬದಲು ದೊಡ್ಡಕ್ಷರ ಹಾಕಿದರೆ ಸಿಗುವುದು ವಾರಗಳ ಲೆಕ್ಕದ ವರ್ಷ. ಅದರಲ್ಲಿ ಹೊಸ ವರ್ಷದ ಮೊದಲ ವಾರಕ್ಕೆ ಸೇರಿದ ಡಿಸೆಂಬರ್ ದಿನಗಳೂ ಹೊಸ ವರ್ಷಕ್ಕೇ ಹೋಗುತ್ತವೆ. ಹನ್ನೊಂದು ತಿಂಗಳು ಯಾರಿಗೂ ವ್ಯತ್ಯಾಸ ತಿಳಿಯದು. 2024ರ ಡಿಸೆಂಬರ್ 30ರಂದು ಮಾತ್ರ ಫೈಲು 2025ರ ಡಿಸೆಂಬರ್ 30 ಎಂದು ಹೊರಬರುತ್ತದೆ.

ಯಾವ ತಾರೀಖು ಎಂಬ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಮಾರ್ಚಿನ ವ್ಯವಹಾರದ ಪಟ್ಟಿಯನ್ನು ಏಪ್ರಿಲ್ 3ಕ್ಕೆ ತೆಗೆದರೆ ತಂತ್ರಾಂಶ ಏಪ್ರಿಲ್ ಎಂದೇ ಹೆಸರಿಡುತ್ತದೆ. ಹುಡುಕುವವರು ಹುಡುಕುವುದು ಮಾರ್ಚನ್ನು. ನನ್ನ ಮಟ್ಟಿಗೆ ವ್ಯವಹಾರದ ತಾರೀಖು ಮೊದಲು ಬರಬೇಕು, ತೆಗೆದ ಹೊತ್ತು ಕೊನೆಗೆ. ತಿದ್ದಿ ಮತ್ತೆ ತೆಗೆದಾಗ ಯಾವುದು ಹೊಸದೆಂದು ತಿಳಿಯಲು ಆ ಕೊನೆಯ ಭಾಗ ಬೇಕೇ ಬೇಕು.

ಗಡಿಯಾರ ಯಾರದು ಎಂಬುದು ಕರಾವಳಿಗೆ ಹೆಚ್ಚು ತಟ್ಟುವ ವಿಷಯ. ಸರ್ವರುಗಳು ಬಹುಮಟ್ಟಿಗೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು.   ಬೆಳಗಿನ ಐದೂವರೆಗೆ ಮುಂಚೆ ತೆಗೆದ ಪಟ್ಟಿಗೆ ಸರ್ವರು ನಿನ್ನೆಯ ತಾರೀಖು ಹಾಕುತ್ತದೆ. ಮೀನುಗಾರಿಕೆಯ ದಿನ ಶುರುವಾಗುವುದೇ ಆ ಹೊತ್ತಿಗೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗಸ್ಟ್ 1ರ ನಸುಕಿನ 4:40ಕ್ಕೆ ಕಾರವಾರದ ಬೈತಖೋಲ ಬಂದರಿನಿಂದ ಹೊರಟ ಬೋಟುಗಳ ಪಟ್ಟಿ ತೆಗೆದರೆ, ಹೆಸರಿನಲ್ಲಿ ಜುಲೈ 31, 23:10 ಎಂದಿರುತ್ತದೆ. ಪಾಲಿಸಿದವರೆಲ್ಲ ನಿಷೇಧ ಮುರಿದಂತೆ ಕಾಣುತ್ತಾರೆ! ಪ್ರೋಗ್ರಾಂಗೆ ಭಾರತದ ಸಮಯವಲಯ ಹೇಳಿಕೊಡಬೇಕು, ಜೊತೆಗೆ ಹೆಸರಿನ ಕೊನೆಗೆ +0530 ಎಂದೂ ಬರೆಸಬಹುದು. ದೇಶಕ್ಕೆಲ್ಲ ಒಂದೇ ವಲಯ, ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿಯೂ ಇಲ್ಲಿಲ್ಲ. ಹಾಗಾಗಿ ಈ ಕೆಲಸ ಒಮ್ಮೆ ಮಾಡಿದರೆ ಸಾಕು.